ಬಿಳಿ ಬೆಟ್ಟದ ಗೆರೆ

“ಒಂದು ಕಾಲದಲ್ಲಿ ಹಾಲಿನ ಕೆನೆಯ ಹಾಗೆ ಬೆಳ್ಳಗಿನ ಒಂದು ಬೆಟ್ಟ ಇತ್ತಂತೆ. ನೋಡ್ಲಿಕ್ಕೆ ಭಾರೀ ಚೆಂದ. ಆದರೆ ಅದಕ್ಕೆ ಯಾವಾಗ ನೋಡಿದ್ರೂ ಹಸಿವು.”

ದುಗ್ಗಪ್ಪಜ್ಜ ಈ ಕತೆ ಶುರು ಮಾಡಿದರೆಂದರೆ, ಚಿಕ್ಕಮ್ಮ ಅವರ ಕಾಲಿನ ಬ್ಯಾಂಡೇಜ್ ಬಿಚ್ಚತೊಡಗಿದ್ದಾಳೆ ಎಂದೇ ಅರ್ಥ. ಅಜ್ಜ ಕುರ್ಚಿಯಲ್ಲಿ, ಅವರ ಎಡಗಾಲು ಸ್ಟೂಲಿನ ಮೇಲೆ, ಚಿಕ್ಕಮ್ಮ ನೆಲದಲ್ಲಿ. ಪಕ್ಕದಲ್ಲಿ ಸಂಚಿತಾ ಬ್ಯಾಂಡೇಜ್ ಬಟ್ಟೆಯ ಪೊಟ್ಟಣ ಹಿಡಿದು ಕೂತಿದ್ದಳು.

“ಬೆಟ್ಟ ಕಾಯ್ಲಿಕ್ಕೆ ಜನ ಬೇಕಲ್ಲ? ಹೋದವರ ಹತ್ತಿರ ಬೆಟ್ಟ ಒಂದೊಂದು ಕೇಳ್ತಿತ್ತು. ಒಬ್ಬನ ನಿದ್ದೆ ತಿಂದಿತು. ಒಬ್ಬನ ಸ್ವರ ತಿಂದಿತು. ಸಮುದ್ರದ ಊರಿಂದ ಹೋದ ಒಬ್ಬ ಕಾವಲುಗಾರ ಇದ್ದ. ಅವನ ಎಡಗಾಲಿನ ಎರಡು ಬೆರಳು ತಿಂದಿತು.”

ಆ ಕಾವಲುಗಾರ ಯಾರೆಂದು ಐದನೇ ಕ್ಲಾಸಿನ ಸಂಚಿತಾಳಿಗೆ ಗೊತ್ತು. ಸ್ಟೂಲಿನ ಮೇಲಿದ್ದ ಕಾಲಿನಲ್ಲಿ ಮೂರೇ ಬೆರಳು. ಅಜ್ಜ ಸೈನ್ಯದಲ್ಲಿದ್ದಾಗ, ಅಮ್ಮ ಇನ್ನೂ ಸ್ಲೇಟಿನಲ್ಲಿ ಅ ಆ ತಿದ್ದುತ್ತಿದ್ದಾಗ, ಉಳಿದೆರಡು ಉತ್ತರದ ಹಿಮದಲ್ಲಿ ಹೋಗಿದ್ದವು.

“ಆಮೇಲೆ?” ಗೊತ್ತಿದ್ದರೂ ಕೇಳಿದಳು.

“ಆಮೇಲೆ ಮಿಲಿಟರಿ ಆಸ್ಪತ್ರೆಯಲ್ಲಿ ಒಬ್ಬರು ಸಿಸ್ಟರ್ ಬಂದ್ರು. ಹೆಗಲ ಮೇಲೆ ಎರಡೆರಡು ನಕ್ಷತ್ರ. ಕಾವಲುಗಾರನ ಕಾಲು ಮಡಿಲಲ್ಲಿ ಇಟ್ಕೊಂಡು, ಕಪ್ಪಾದ ಜಾಗದ ಸುತ್ತ ಪೆನ್ನಲ್ಲಿ ಒಂದು ಗೆರೆ ಎಳೆದ್ರು. ಗೆರೆಯ ಆಚೆ ಬೆಟ್ಟದ್ದು, ಈಚೆ ಕಾವಲುಗಾರನದ್ದು. ಬೆಟ್ಟ ಎಂಟು ಬೆರಳು ಬಿಟ್ಟು ಹೋಯ್ತು.”

ಸಂಚಿತಾಳಿಗೆ ಕತೆಯಲ್ಲಿ ಇದೇ ಇಷ್ಟ. ಬೇರೆ ಕತೆಗಳಲ್ಲಿ ರಾಕ್ಷಸನನ್ನು ಓಡಿಸಲು ಕತ್ತಿ ಬೇಕು, ಮಂತ್ರ ಬೇಕು. ಈ ನಕ್ಷತ್ರದ ಸಿಸ್ಟರಿಗೆ ಒಂದು ಪೆನ್ನು ಸಾಕು.

“ಅಪ್ಪ, ಕತೆ ಹೇಳಿ, ಕಾಲು ಅಲ್ಲಾಡಿಸ್ಬೇಡಿ,” ಎಂದಳು ಚಿಕ್ಕಮ್ಮ.

*

ಚಿಕ್ಕಮ್ಮನ ಹೆಸರು ಸ್ವರ್ಣಲತಾ. ಅವಳು ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಾವೂರಿನ ಈ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆದರೆ ಅವಳ ಕಣ್ಣು ಆ ಎರಡು ನಕ್ಷತ್ರಗಳ ಮೇಲೆ. ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್ ಆಗುವ ಪರೀಕ್ಷೆಯನ್ನು ಬರೆದು ಪಾಸಾಗಿದ್ದಳು. ದಿಲ್ಲಿಯಲ್ಲಿ ಇಂಟರ್‌ವ್ಯೂ ಮಾತ್ರ ಬಾಕಿ ಉಳಿದಿತ್ತು. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ, ರಿಟೈರ್ ಆದ ಒಬ್ಬರು ಮೇಜರ್ ಮೇಡಮ್ ಹತ್ತಿರ ಒಂದು ತಿಂಗಳ ತಯಾರಿ.

ಅಮ್ಮನಿಗೆ ಇದು ಒಂದು ಚೂರೂ ಹಿಡಿಸಿರಲಿಲ್ಲ. ಈ ಮನೆಯಿಂದ ಸೈನ್ಯಕ್ಕೆ ಒಬ್ಬರನ್ನು ಕೊಟ್ಟಾಗಿದೆ, ಅವರು ಪೂರ್ತಿಯಾಗಿ ವಾಪಸ್ ಬರಲಿಲ್ಲ, ಇನ್ನೊಬ್ಬರನ್ನು ಕೊಡುವುದು ಬೇಡ ಎನ್ನುತ್ತಿದ್ದಳು. ಅಜ್ಜ ಎರಡು ದಿನ ಸರಿಯಾಗಿ ಊಟ ಮಾಡದೆ ಕೂತ ಮೇಲೆ ಒಪ್ಪಿದಳು. ಒಪ್ಪುವಾಗಲೂ ಒಂದು ಮಾತು ಹೇಳಿಯೇ ಒಪ್ಪಿದಳು: “ಈ ಒಂದು ಸಲ, ಸ್ವರ್ಣ. ಆಗ್ಲಿಲ್ಲ ಅಂದ್ರೆ ಮತ್ತೆ ಆ ಮಾತು ಈ ಮನೆಯಲ್ಲಿ ಬೇಡ.”

ಹೊರಡುವ ದಿನ ಚಿಕ್ಕಮ್ಮನ ಚಿಂತೆಯೆಲ್ಲ ಅಜ್ಜನ ಪಾದದ್ದೇ. ಹೆಬ್ಬೆರಳಿನ ಬುಡದಲ್ಲಿ, ಅಡಿಯಲ್ಲಿ, ನೇರಳೆ ಹಣ್ಣಿನಷ್ಟು ಒಂದು ಹುಣ್ಣು. ಅಜ್ಜನಿಗೆ ಶುಗರ್ ಉಂಟು. ಆ ಕಾಲಿಗೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಬ್ಯಾಂಡೇಜ್ ಕಟ್ಟುವುದನ್ನು ಅವರು ಸೈನ್ಯದಲ್ಲೇ ಕಲಿತಿದ್ದರು, ತಾವೇ ತೊಳೆದು ಕಟ್ಟಿಕೊಳ್ಳಬಲ್ಲರು. ಆದರೆ ಕಣ್ಣು ಮಂಜು. ತಮ್ಮ ಪಾದದ ಅಡಿ ತಮಗೇ ಕಾಣುವುದಿಲ್ಲ. ಅಮ್ಮ ನೋಡಬಹುದಿತ್ತು, ಆದರೆ ಅಮ್ಮನಿಗೆ ಗಾಯ ನೋಡಿದರೆ ತಲೆ ಸುತ್ತುತ್ತದೆ. ಮೀನು ಕೊಯ್ಯುವಾಗ ಬೆರಳಿಗೆ ಕತ್ತಿ ತಾಗಿದರೂ ಕಣ್ಣು ಮುಚ್ಚಿ ಕೂತುಬಿಡುವವಳು. ಪಪ್ಪ ಇರುವುದು ಪುಣೆಯ ಹೋಟೆಲಿನಲ್ಲಿ.

ಉಳಿದವಳು ಸಂಚಿತಾ.

ಚಿಕ್ಕಮ್ಮ ಅವಳಿಗೆ ಎಲ್ಲ ತೋರಿಸಿಕೊಟ್ಟಳು. ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಗಾಯದ ಮೇಲೆ ಒಂದು ತೆಳು ಪ್ಲಾಸ್ಟಿಕ್, ಅದರ ಮೇಲೆ ಇನ್ನೊಂದು ದಪ್ಪ ಪ್ಲಾಸ್ಟಿಕ್ ಶೀಟ್, ಎರಡೂ ಗಾಜಿನ ಹಾಗೆ ಆಚೆ ಕಾಣುವಂಥವು. ಗಾಯದ ಅಂಚು ಹೇಗುಂಟೋ ಹಾಗೆಯೇ ಮಾರ್ಕರಿನಲ್ಲಿ ಗೆರೆ. ಅಡಿಯದ್ದನ್ನು ಬಿಸಾಡಬೇಕು. ಮೇಲಿನದ್ದನ್ನು ಗಣಿತದ ಚೌಕದ ಪುಸ್ತಕದ ಮೇಲಿಟ್ಟು, ಗೆರೆಯ ಒಳಗೆ ಎಷ್ಟು ಚೌಕ ಉಂಟೆಂದು ಎಣಿಸಬೇಕು. ಅರ್ಧ ಅಥವಾ ಅದಕ್ಕಿಂತ ಹೆಚ್ಚು ತುಂಬಿದ ಚೌಕ ಒಂದು ಎಂದು ಲೆಕ್ಕ, ಅರ್ಧಕ್ಕಿಂತ ಕಡಿಮೆಯದ್ದನ್ನು ಬಿಡುವುದು. ಆಮೇಲೆ ಅಮ್ಮನ ಫೋನಿನಿಂದ ಶೀಟಿನ ಒಂದು ಫೋಟೋ ಕಳಿಸಬೇಕು.

ಅವತ್ತು ಹದಿನಾಲ್ಕು ಚೌಕ ಇತ್ತು.

“ಇಂಟರ್‌ವ್ಯೂ ಮುಗಿಸಿ ನಾನು ಬರುವಾಗ ಐದು ಆದಿತ್ಯವಾರ ಆಗ್ತದೆ. ನೋಡು, ಐದು ಶೀಟ್,” ಎಂದಳು ಚಿಕ್ಕಮ್ಮ. ಒಂದೊಂದರ ಮೂಲೆಯಲ್ಲಿ ಒಂದು, ಎರಡು, ಮೂರು ಎಂದು ಐದರವರೆಗೆ ಬರೆದಳು. “ಐದೂ ತುಂಬಿಸಿ ಕೊಡ್ತೇನೆ ಅಂತ ಪ್ರಾಮಿಸ್ ಮಾಡು.”

ಸಂಚಿತಾ ಅವಳ ಅಂಗೈ ಮೇಲೆ ಕೈ ಇಟ್ಟಳು.

“ಚೌಕ ಜಾಸ್ತಿ ಆದ್ರೆ ಆ ದಿನವೇ ಫೋನ್ ಮಾಡು. ಎಲ್ಲಿದ್ರೂ ಬಿಟ್ಟು ಬರ್ತೇನೆ.”

ಮತ್ತೆ ಬ್ಯಾಗು ಎತ್ತಿಕೊಳ್ಳುತ್ತಾ ನಕ್ಕಳು. ದಿಲ್ಲಿಯಿಂದ ಬರುವಾಗ ವಿಮಾನದಲ್ಲಿ ಬರುತ್ತಾಳಂತೆ, ಜನ್ಮದಲ್ಲಿ ಮೊದಲ ಸಲ. ನಮ್ಮ ಮನೆಯ ಮೇಲೆಯೇ ಹಾದು ಹೋಗುತ್ತದಲ್ಲ, ಟೆರೇಸಿಗೆ ಹೋಗಿ ಟವಲ್ ಬೀಸಬೇಕಂತೆ.

*

ಮೊದಲ ಆದಿತ್ಯವಾರ ಹದಿನಾಲ್ಕು. ಎರಡನೆಯದಕ್ಕೆ ಹದಿಮೂರು. ಅಜ್ಜ ಶಾಭಾಸ್ ಎಂದು ಸೆಲ್ಯೂಟ್ ಹೊಡೆದರು.

ಮೂರನೆಯದರ ಹಿಂದಿನ ಸಂಜೆ ಚಿಕ್ಕಮ್ಮನ ಫೋನು ಬಂತು. ಅವಳ ಸ್ವರಕ್ಕೆ ಗೆಜ್ಜೆ ಕಟ್ಟಿದ ಹಾಗಿತ್ತು. ಇಷ್ಟು ದಿನ ಮೇಜರ್ ಮೇಡಮ್ ಎದುರು ಕೂತರೆ ಅವಳ ನಾಲಿಗೆ ಒಣಗುತ್ತಿತ್ತಂತೆ. ಇವತ್ತು ಒಂದು ಪ್ರಶ್ನೆಗೂ ತಡವರಿಸಲಿಲ್ಲವಂತೆ. ನೀನು ನಕ್ಷತ್ರ ಹಾಕುವವಳೇ ಹೌದು ಎಂದರಂತೆ ಮೇಡಮ್. ಅಮ್ಮ ಕೂಡ ಫೋನು ಇಡುವ ಮೊದಲು, ಊಟ ಸರಿಯಾಗಿ ಮಾಡು ಎಂದಳು.

ಮರುದಿನ ಬೆಳಿಗ್ಗೆ ಸಂಚಿತಾ ಶೀಟ್ ಇಟ್ಟು ಗೆರೆ ಎಳೆದಳು. ಪುಸ್ತಕದ ಮೇಲಿಟ್ಟು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಪೆನ್ಸಿಲಿನ ತುದಿಯಿಂದ ಒಂದೊಂದೇ ಚೌಕ ಮುಟ್ಟಿ ಮತ್ತೊಮ್ಮೆ.

ಹದಿನೇಳು.

ಎಲ್ಲಿದ್ರೂ ಬಿಟ್ಟು ಬರ್ತೇನೆ ಎಂದಿದ್ದಳು ಚಿಕ್ಕಮ್ಮ. ಈ ಒಂದು ಸಲ ಎಂದಿದ್ದಳು ಅಮ್ಮ.

ಡ್ರೆಸ್ಸಿಂಗಿನ ಡಬ್ಬಿಯಲ್ಲಿ ಸ್ಪಿರಿಟಿನ ಬಾಟ್ಲಿ ಇತ್ತು. ಹತ್ತಿಗೆ ಎರಡು ಹನಿ ಹಾಕಿ ಶೀಟಿಗೆ ಉಜ್ಜಿದಳು. ಮಾರ್ಕರಿನ ಗೆರೆ ಕರಗಿ, ನೀಲಿ ನೀರಾಗಿ, ಇಲ್ಲವಾಯಿತು. ಆಮೇಲೆ ಅವಳು ಮೇಜಿನ ಮೇಲೆ ಶೀಟ್ ಇಟ್ಟುಕೊಂಡು ಹೊಸ ಗೆರೆ ಎಳೆದಳು. ದುಂಡಗೆ, ಚಿಕ್ಕದಾಗಿ. ಮಾರ್ಕರನ್ನು ಒತ್ತಿ ಒತ್ತಿ ಎಳೆದಳು, ಎಷ್ಟೆಂದರೆ ಮಾರ್ಕರಿನ ತುದಿ ಚಪ್ಪಟೆಯಾಯಿತು. ನಿನ್ನದು ಇಷ್ಟೇ, ಎಂದು ಮನಸ್ಸಿನಲ್ಲೇ ಬೆಟ್ಟಕ್ಕೆ ಹೇಳಿದಳು. ನಕ್ಷತ್ರದ ಸಿಸ್ಟರ್ ಎಳೆದಾಗ ಹೋಗಿತ್ತಲ್ಲ. ಇದೂ ಹೋಗಲಿ.

“ಎಷ್ಟು, ಬಾಲೆ?” ಎಂದು ಅಜ್ಜ ಕೇಳಿದರು.

“ಹನ್ನೆರಡು.”

“ಓಹೋ,” ಎಂದರು ಅಜ್ಜ. ಅವರ ಮಂಜು ಕಣ್ಣು ಕಿಟಕಿಯ ಬೆಳಕಿನ ಕಡೆ ತಿರುಗಿತ್ತು. ಮುಖದ ಸುಕ್ಕುಗಳೆಲ್ಲ ನಗುತ್ತಿದ್ದವು.

ಆ ವಾರವಿಡೀ ಸಂಚಿತಾ ಕಾದಳು. ಗೆರೆ ಎಳೆದಾಗಿದೆ, ಬೆಟ್ಟ ಹಿಂದೆ ಹೋಗುತ್ತಿರಬೇಕು ಎಂದುಕೊಂಡಳು. ನಾಲ್ಕನೆಯ ಆದಿತ್ಯವಾರ ಬ್ಯಾಂಡೇಜ್ ಬಿಚ್ಚಿದಾಗ ಒಂದು ವಾಸನೆ ಬಂತು. ಹೂದಾನಿಯಲ್ಲಿ ಬದಲಿಸಲು ಮರೆತ ನೀರಿನ ಹಾಗೆ. ಹುಣ್ಣಿನ ಒಂದು ಬದಿ ಕಪ್ಪಗಾಗಿತ್ತು.

ಅವತ್ತು ಅವಳು ಶೀಟನ್ನು ಪಾದಕ್ಕೆ ಮುಟ್ಟಿಸಲೇ ಇಲ್ಲ. ಸೀದಾ ಪುಸ್ತಕದ ಮೇಲಿಟ್ಟು, ಹತ್ತು ಚೌಕಕ್ಕೆ ಸರಿಯಾಗಿ ಒಂದು ಗೆರೆ ಎಳೆದಳು. ಫೋಟೋ ಹೋಯಿತು. ಚಿಕ್ಕಮ್ಮನಿಂದ ಎರಡು ಕೆಂಪು ಹೃದಯಗಳು ಬಂದವು.

*

ಸೋಮವಾರ ಅಜ್ಜನನ್ನು ಮಾಜಿ ಸೈನಿಕರ ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋಗುವ ದಿನ. ತಿಂಗಳಿಗೊಮ್ಮೆ ಹೋಗಿ ಕಾಲು ತೋರಿಸಿ ಬರುತ್ತಿದ್ದರು. ಬೆಳಿಗ್ಗೆ ಅಮ್ಮ, ಪಕ್ಕದ ಮನೆಯ ಅಲೆಕ್ಸಂಕಲ್‌ಗೆ ರಿಕ್ಷಾ ತರಲು ಹೇಳಬೇಕಾ ಎಂದು ಕೇಳಿದಳು.

“ಎಂತಕ್ಕೆ? ಹತ್ತಕ್ಕೆ ಇಳಿದಿದೆ. ಈ ಸೆಕೆಯಲ್ಲಿ ಯಾರು ಹೋಗ್ತಾರೆ ಮಾರಾಯ್ತಿ? ಮುಂದಿನ ತಿಂಗಳು ಹೋಗುವ,” ಎಂದರು ಅಜ್ಜ.

ಸಂಚಿತಾ ಶೂವಿನ ಲೇಸ್ ಕಟ್ಟುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದಳು. ಆದರೆ ಹೇಳಲು ಹೊರಟರೆ ಹದಿನೇಳರಿಂದ ಹೇಳಬೇಕು, ಸ್ಪಿರಿಟಿನಿಂದ ಹೇಳಬೇಕು, ಆ ಎರಡು ಕೆಂಪು ಹೃದಯಗಳನ್ನೂ ಹೇಳಬೇಕು. ಅಷ್ಟರಲ್ಲಿ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯಿತು. ಬ್ಯಾಗು ಹಾಕಿಕೊಂಡು ಓಡಿದಳು.

ಮಂಗಳವಾರ ಗಣಿತದ ಕ್ಲಾಸಿನಲ್ಲಿ ಟೀಚರ್ ಇಬ್ಬಿಬ್ಬರಿಗೆ ಒಂದೊಂದು ಎಲೆ ಕೊಟ್ಟರು. ಚೌಕದ ಪುಸ್ತಕದ ಮೇಲೆ ಎಲೆ ಇಟ್ಟು, ಸುತ್ತ ಗೆರೆ ಎಳೆದು, ಅದರ ವಿಸ್ತೀರ್ಣ ಹೇಳಬೇಕು. ಸಂಚಿತಾ ಮತ್ತು ಪಕ್ಕದಲ್ಲಿ ಕೂರುವ ಸುಹೈಲಾಗೆ ಸೇರಿ ಒಂದೇ ಹಲಸಿನ ಎಲೆ. ಸುಹೈಲಾ ಎಣಿಸಿದರೆ ಅರವತ್ತೊಂದು. ಸಂಚಿತಾ ಎಣಿಸಿದರೆ ಐವತ್ತೆರಡು.

“ನೀನೆಂತ, ಎಲೆಯನ್ನು ಡಯೆಟ್‌ಗೆ ಹಾಕಿದ್ದೀಯಾ?” ಎಂದಳು ಸುಹೈಲಾ.

ಹಿಂದಿನ ಬೆಂಚಿನವರೂ ನಕ್ಕರು. ಸಂಚಿತಾ ನೋಡಿದಳು. ಅವಳ ಗೆರೆ ಸುತ್ತಲೂ ಎಲೆಯ ಅಂಚಿಗಿಂತ ಒಂದು ಕೂದಲೆಳೆಯಷ್ಟು ಒಳಗೇ ಇತ್ತು. ಅವಳು ಹಾಗೆ ಎಳೆಯಬೇಕೆಂದು ಎಳೆದದ್ದಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

*

ಬುಧವಾರ ಶಾಲೆಯಿಂದ ಬಂದಾಗ, ಮಾರ್ಚಿನ ಆ ಸೆಕೆಯಲ್ಲಿ ಅಜ್ಜ ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಅಂಚಿನಲ್ಲಿ ಕೂತಿದ್ದಳು. ಫೋನಿನ ಆಚೆ ಚಿಕ್ಕಮ್ಮ. ಹಿಂದಿನ ದಿನವೇ ದಿಲ್ಲಿ ತಲುಪಿದ್ದಳು. ಇಂಟರ್‌ವ್ಯೂ ಶುಕ್ರವಾರ ಬೆಳಿಗ್ಗೆ.

ಕೆಮ್ಮು ಉಂಟಾ, ಮೂತ್ರ ಉರಿ ಉಂಟಾ ಎಂದು ಒಂದೊಂದೇ ಕೇಳುತ್ತಿದ್ದಳು ಚಿಕ್ಕಮ್ಮ. ಅಮ್ಮ ಇಲ್ಲ, ಇಲ್ಲ ಎನ್ನುತ್ತಿದ್ದಳು.

“ಕಾಲಿಂದ ಇರ್ಲಿಕ್ಕಿಲ್ಲ. ಹತ್ತು ಚೌಕದ ಗಾಯಕ್ಕೆ ಇಷ್ಟು ಜ್ವರ ಬರುವುದಿಲ್ಲ,” ಎಂದಿತು ಫೋನು.

ಸಂಚಿತಾ ಬ್ಯಾಗು ಇಳಿಸಿರಲಿಲ್ಲ. ಅದರ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಹತ್ತು ಅಲ್ಲ, ಚಿಕ್ಕಮ್ಮ.”

ಅಮ್ಮ ತಿರುಗಿ ನೋಡಿದಳು.

“ಮತ್ತೆಷ್ಟು?”

“ಗೊತ್ತಿಲ್ಲ. ನಾನು ಎಣಿಸ್ಲಿಲ್ಲ. ಸುಮ್ಮನೆ ಬರೆದದ್ದು. ಅದರ ಹಿಂದಿನದ್ದು ಹದಿನೇಳು ಇತ್ತು.”

ಫೋನಿನಲ್ಲಿ ದಿಲ್ಲಿಯ ಯಾವುದೋ ರಸ್ತೆಯ ಹಾರ್ನುಗಳು ಕೇಳಿದವು. ಚಿಕ್ಕಮ್ಮ ಫೋನು ಇಟ್ಟಳೇನೋ ಎಂದು ಸಂಚಿತಾಳಿಗೆ ಅನ್ನಿಸಿತು.

“ಸಂಚಿ, ಮಾರ್ಕರ್ ತಕೊಂಡು ಬಾ.”

ಬೈಗುಳ ಇರಲಿಲ್ಲ, ಮುದ್ದೂ ಇರಲಿಲ್ಲ. ಅದು ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗಿನ ಸ್ವರ. ಬ್ಯಾಂಡೇಜ್ ಬಿಚ್ಚು ಎಂದಿತು, ಸಂಚಿತಾ ಬಿಚ್ಚಿದಳು. ಅಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಬೆರಳುಗಳ ಬಣ್ಣ ಏನು ಎಂದು ಕೇಳಿತು. ನೇರಳೆ, ಒಂದು ಕಪ್ಪು, ಎಂದಳು ಸಂಚಿತಾ. ಮೇಲೆ ಕಾಲು ಕೆಂಪಾಗಿ ಊದಿಕೊಂಡಿದೆಯಾ, ಮುಟ್ಟಿದರೆ ಬಿಸಿಯಾ ಎಂದು ಕೇಳಿತು. ಅಜ್ಜನ ಕಾಲು ಬಿಸಿಲಿಗಿಟ್ಟ ಹಂಚಿನ ಹಾಗೆ ಸುಡುತ್ತಿತ್ತು.

“ಕೆಂಪು ಎಲ್ಲಿ ಮುಗೀತದೆ ಅಂತ ಸರಿಯಾಗಿ ನೋಡು. ಅಲ್ಲಿಯೇ ಗೆರೆ ಎಳೆ. ಒಳಗೆ ಅಲ್ಲ, ಹೊರಗೆ ಅಲ್ಲ. ಪಕ್ಕದಲ್ಲಿ ಟೈಮ್ ಬರೆ.”

ಪಾದದ ಗಂಟಿನಿಂದ ಸ್ವಲ್ಪ ಮೇಲೆ ಕೆಂಪು ಮುಗಿಯುತ್ತಿತ್ತು. ಸಂಚಿತಾ ಕಾಲಿನ ಸುತ್ತ ಗೆರೆ ಎಳೆದಳು. ಚಪ್ಪಟೆಯಾದ ಮಾರ್ಕರಿನ ತುದಿ ಚರ್ಮದ ಮೇಲೆ ಜಾರುತ್ತಿತ್ತು. ನಾಲ್ಕು ಗಂಟೆ ನಲವತ್ತು ನಿಮಿಷ ಎಂದು ಬರೆದಳು.

“ಅಕ್ಕ, ಈಗಲೇ ಕಂಕನಾಡಿಗೆ ಕರ್ಕೊಂಡು ಹೋಗು. ನಾನು ಆಸ್ಪತ್ರೆಗೆ ಫೋನ್ ಮಾಡ್ತೇನೆ,” ಎಂದಳು ಚಿಕ್ಕಮ್ಮ. ಅಮ್ಮ ಏನೋ ಹೇಳುವ ಮೊದಲೇ ಫೋನು ಕಟ್ ಆಯಿತು.

ಅಲೆಕ್ಸಂಕಲ್ ರಿಕ್ಷಾದಲ್ಲಿ ಅಜ್ಜನ ಕಾಲು ಸಂಚಿತಾಳ ಮಡಿಲಲ್ಲಿ. ಕುಂಟಿಕಾನದಲ್ಲಿ ಬ್ಲಾಕ್. ಲಾರಿಗಳ ಮಧ್ಯೆ ರಿಕ್ಷಾ ನಿಂತುಬಿಟ್ಟಿತು. ಸಂಚಿತಾ ಗೆರೆಯನ್ನೇ ನೋಡುತ್ತಿದ್ದಳು. ಈ ಸಲ ಅವಳು ಸರಿಯಾಗಿ ಎಳೆದಿದ್ದಳು. ಒಳಗೆ ಅಲ್ಲ, ಹೊರಗೆ ಅಲ್ಲ.

ಆದರೂ ಕೆಂಪು ಗೆರೆ ದಾಟಿತ್ತು. ಒಂದು ಬೆರಳಿನಷ್ಟು, ಸದ್ದಿಲ್ಲದೆ. ನೀಲಿ ಗೆರೆಯನ್ನು ಅದು ಕಂಡಂತೆಯೇ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರು ಮೊದಲು ನೋಡಿದ್ದು ಆ ಗೆರೆಯನ್ನೇ. ಪಕ್ಕದ ಟೈಮ್ ಓದಿದರು, ಗಡಿಯಾರ ನೋಡಿದರು, ಗೆರೆಯಿಂದ ಮೇಲೆ ತಮ್ಮ ಎರಡು ಬೆರಳು ಇಟ್ಟು ಅಳೆದರು. ಇದನ್ನು ಯಾರು ಬರೆದದ್ದು ಎಂದು ಕೇಳಿದರು. ಅಮ್ಮ ಸಂಚಿತಾಳ ಕಡೆ ತೋರಿಸಿದಳು. ಡಾಕ್ಟರು ಅವಳನ್ನು ಒಂದು ಕ್ಷಣ ನೋಡಿ, ನಾಳೆಯವರೆಗೆ ಕಾಯುವ ಹಾಗಿಲ್ಲ ಎಂದು ಸಿಸ್ಟರಿಗೆ ಹೇಳಿದರು.

ಬೆಟ್ಟ ಉಳಿದ ಮೂರೂ ಬೆರಳು ತಿಂದಿತು. ಪಾದದ ಮುಂದಿನ ತುಂಡನ್ನೂ ತಿಂದಿತು.

*

ಗುರುವಾರ ಅಮ್ಮ ಆಸ್ಪತ್ರೆಯಲ್ಲಿದ್ದಳು. ಸಂಚಿತಾ ಅಲೆಕ್ಸಂಕಲ್ ಮನೆಯಲ್ಲಿ. ಅವರ ಹೆಂಡತಿ ರೊಸಾಲಿನ್ ಆಂಟಿ ತಟ್ಟೆಗೆ ನೀರುದೋಸೆ ಹಾಕಿದ್ದರು. ಅದು ಆರಿ ಒಂದಕ್ಕೊಂದು ಅಂಟಿಕೊಂಡಿತ್ತು.

ಮಧ್ಯಾಹ್ನ ಮೇಲಿಂದ ಸದ್ದು ಬಂತು. ವಿಮಾನ ತಗ್ಗಿನಲ್ಲಿ, ಚಕ್ರ ಇಳಿಸಿಕೊಂಡು, ಕಾವೂರಿನ ಕೆರೆಯ ಕಡೆಯಿಂದ ಹೋಯಿತು. ಸಂಚಿತಾ ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿದಳು. ಕೈಯಲ್ಲಿ ಟವಲ್ ಇರಲಿಲ್ಲ. ಇವತ್ತು ಗುರುವಾರ. ಇಂಟರ್‌ವ್ಯೂ ಇರುವುದು ನಾಳೆ.

ಶನಿವಾರ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಜ್ಜ ನಿದ್ದೆಯಲ್ಲಿದ್ದರು. ಎಡಗಾಲಿನ ಕಡೆ ಹೊದಿಕೆಯ ಉಬ್ಬು ಬೇಗ ಮುಗಿದುಹೋಗಿತ್ತು. ಹೊರಗೆ ವರಾಂಡದ ಬೆಂಚಿನ ಮೇಲೆ, ಇಂಟರ್‌ವ್ಯೂಗೆ ಕಾಯದೆ ಗುರುವಾರದ ವಿಮಾನದಲ್ಲೇ ಬಂದಿದ್ದ ಚಿಕ್ಕಮ್ಮ ಕೂತಿದ್ದಳು. ಇಂಟರ್‌ವ್ಯೂಗೆಂದು ಹೊಲಿಸಿದ ತಿಳಿನೀಲಿ ಚೂಡಿದಾರ್ ಹಾಕಿದ್ದಳು. ಬ್ಯಾಗಿನಲ್ಲಿ ತೊಳೆದ ಬಟ್ಟೆ ಬೇರೆ ಇರಲಿಲ್ಲವೋ ಏನೋ.

ಸಂಚಿತಾ ಬೆಂಚಿನ ಈ ತುದಿಯಲ್ಲಿ ಕೂತಳು. ಮಧ್ಯದಲ್ಲಿ ಇಬ್ಬರು ಕೂರುವಷ್ಟು ಜಾಗ.

“ನನ್ನಿಂದ ಆದದ್ದು,” ಎಂದಳು.

ಚಿಕ್ಕಮ್ಮ ಫೋನು ತೆಗೆದಳು. ಮೂರನೆಯ ಶೀಟಿನ ಫೋಟೋ ತೋರಿಸಿದಳು. ಆಮೇಲೆ ನಾಲ್ಕನೆಯದು. ಎರಡರಲ್ಲೂ ಬಳೆ ಇಟ್ಟು ಎಳೆದ ಹಾಗೆ ದುಂಡಗಿನ ಗೆರೆ.

“ಇಷ್ಟು ದುಂಡಗಿನ ಗಾಯ ನಾನು ಎಲ್ಲಿಯೂ ನೋಡಿಲ್ಲ, ಸಂಚಿ. ಆರು ವರ್ಷ ಆಯ್ತು ನರ್ಸ್ ಆಗಿ. ನೋಡಿದ ಕೂಡಲೇ ಗೊತ್ತಾಗ್ಬೇಕಿತ್ತು.” ಫೋನನ್ನು ಮಗುಚಿ ಮಡಿಲಲ್ಲಿ ಇಟ್ಟುಕೊಂಡಳು. “ನನಗೂ ಹತ್ತೇ ಬೇಕಿತ್ತು.”

ಸ್ಟ್ರೆಚರೊಂದು ಗಡಗಡ ಹಾದುಹೋಯಿತು. ಚಿಕ್ಕಮ್ಮ ಬೆಂಚಿನ ಮಧ್ಯಕ್ಕೆ ಸರಿದಳು. ಸ್ವಲ್ಪ ಹೊತ್ತಾದ ಮೇಲೆ ಸಂಚಿತಾಳೂ ಸರಿದಳು.

*

ವಿಷು ಬಂದು ಹೋದ ಮೇಲೆ ಅಜ್ಜ ಮನೆಗೆ ಬಂದರು. ಆ ವರ್ಷ ಹಬ್ಬಕ್ಕೆ ದೇವರೆದುರು ಹಣ್ಣು ತರಕಾರಿಯ ಕಣಿ ಇಟ್ಟಿರಲಿಲ್ಲ, ಪಾಯಸವೂ ಆಗಿರಲಿಲ್ಲ. ಊರುಗೋಲು ಇನ್ನೂ ಅವರ ಮಾತು ಕೇಳುತ್ತಿರಲಿಲ್ಲ. ಹೊತ್ತು ಹೋಗಲೆಂದು ರೇಡಿಯೋ ಹಾಕುತ್ತಿದ್ದರು, ಮತ್ತೆ ತಾವೇ ಆಫ್ ಮಾಡುತ್ತಿದ್ದರು. ಬೆಟ್ಟದ ಕತೆಯನ್ನು ಅವರು ಹೇಳುತ್ತಿರಲಿಲ್ಲ. ಸಂಚಿತಾ ಕೇಳುತ್ತಲೂ ಇರಲಿಲ್ಲ.

ಚಿಕ್ಕಮ್ಮ ಮತ್ತೆ ಕಂಕನಾಡಿಯ ಕೆಲಸಕ್ಕೆ ಹೋಗತೊಡಗಿದ್ದಳು. ದಿಲ್ಲಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ, ಅನ್ನ ಬಸಿಯುತ್ತಿದ್ದ ಅಮ್ಮ, ಗಂಜಿಯ ಹಬೆಯಲ್ಲಿ ಮುಖ ಕಾಣದ ಹಾಗೆ ನಿಂತು, ಆ ಮಿಲಿಟರಿಯವರ ಫಾರ್ಮ್ ಇನ್ನು ಯಾವಾಗ ಬಿಡುತ್ತಾರೆ ಎಂದು ಕೇಳಿದಳು. ಗೊತ್ತಿಲ್ಲ, ಬರುವ ವರ್ಷ ಇರಬೇಕು ಎಂದಳು ಚಿಕ್ಕಮ್ಮ. ಅಮ್ಮ ಹೂಂ ಎಂದಳು. ಪಾತ್ರೆಯ ಮುಚ್ಚಳ ಸರಿ ಮಾಡಿದಳು. ಅಷ್ಟೇ ಮಾತು.

ಮರುದಿನ ಆದಿತ್ಯವಾರ. ಚಿಕ್ಕಮ್ಮ ನೆಲದಲ್ಲಿ ಕೂತು ಡ್ರೆಸ್ಸಿಂಗಿನ ಡಬ್ಬಿ ತೆರೆದಳು. ಅದರೊಳಗೆ, ಎಲ್ಲದಕ್ಕಿಂತ ಅಡಿಯಲ್ಲಿ, ಒಂದು ಶೀಟ್ ಇತ್ತು. ಮೂಲೆಯಲ್ಲಿ ಐದು ಎಂದು ಬರೆದದ್ದು. ಖಾಲಿ.

ಚಿಕ್ಕಮ್ಮ ಅದನ್ನು ಸಂಚಿತಾಳ ಕಡೆ ಚಾಚಿದಳು.

ಸಂಚಿತಾ ಕೈ ಹಿಂದೆ ಕಟ್ಟಿಕೊಂಡಳು. “ನೀವೇ ಎಳೀರಿ.”

“ನನ್ನ ಪ್ರಾಮಿಸ್ ಅಲ್ಲ ಅದು.”

ಸಂಚಿತಾ ಅಜ್ಜನ ಮುಖ ನೋಡಿದಳು. ಅವರು ಎಂದಿನಂತೆ ಕಿಟಕಿಯ ಕಡೆ ತಿರುಗಿದ್ದರು. ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

“ಅಜ್ಜ, ನಕ್ಷತ್ರದ ಸಿಸ್ಟರ್ ಗೆರೆ ಎಳೆದ ಕೂಡ್ಲೇ ಬೆಟ್ಟ ನಿಂತಿತಾ?”

ಅಜ್ಜ ಕಿಟಕಿಯಿಂದ ಮುಖ ತಿರುಗಿಸಿದರು.

“ಎಲ್ಲಿ ನಿಲ್ತದೆ, ಬಾಲೆ? ಮರುದಿನ ನೋಡಿದ್ರೆ ದಾಟಿ ಆಗಿರ್ತಿತ್ತು. ಅವರು ದಾಟಿದಲ್ಲಿಗೆ ಹೊಸ ಗೆರೆ ಎಳೀತಿದ್ರು. ದಿನಾ ಬೆಳಿಗ್ಗೆ. ನಾನು ಬೈದರೂ ಎಳೀತಿದ್ರು. ಒಂದು ದಿನ ದಾಟ್ಲಿಲ್ಲ. ಅಲ್ಲಿಗೆ ಡಾಕ್ಟರು ಕೊಯ್ದ್ರು.”

“ನೀವು ಅದನ್ನು ಹೇಳಿರ್ಲಿಲ್ಲ.”

“ಕತೆಯಲ್ಲಿ ಅದು ಚೆಂದ ಇರುವುದಿಲ್ಲ ಅಂತ ಬಿಟ್ಟೆ,” ಎಂದರು ಅಜ್ಜ.

ಸಂಚಿತಾ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದಳು. ಬೆರಳಿನ ಸಂದುಗಳನ್ನೂ ತೊಳೆದಳು. ಅಮ್ಮ ಅಡುಗೆಮನೆಯಿಂದ ಬಂದು, ಕರೆಯದಿದ್ದರೂ ಬಂದು, ಟಾರ್ಚ್ ಹಿಡಿದು ನಿಂತಳು. ಮುಖ ಗೋಡೆಯ ಕಡೆ, ಕೈ ಮಾತ್ರ ಅಜ್ಜನ ಕಾಲಿನ ಕಡೆ.

“ಅಕ್ಕ, ನೀನು ಬೆಳಕು ಬಿಡುವುದು ಸ್ಟೂಲಿಗೆ,” ಎಂದಳು ಚಿಕ್ಕಮ್ಮ.

ಅಮ್ಮ ತಿರುಗಿ, ಮುಚ್ಚಿದ್ದ ಒಂದು ಕಣ್ಣು ತೆರೆದು ಟಾರ್ಚ್ ಸರಿಮಾಡಿದಳು. ಆ ಕಣ್ಣನ್ನು ಮತ್ತೆ ಮುಚ್ಚಲಿಲ್ಲ.

ತೆಳು ಪ್ಲಾಸ್ಟಿಕ್, ಅದರ ಮೇಲೆ ಐದನೆಯ ಶೀಟ್. ಸಂಚಿತಾ ಬಗ್ಗಿದಳು. ಕೊಯ್ದ ಗಾಯದ ಅಂಚು ಎಲ್ಲಿಯೂ ದುಂಡಗೆ ಇರಲಿಲ್ಲ. ಕೆಲವೆಡೆ ಒಳಗೆ ಬಂದಿತ್ತು, ಕೆಲವೆಡೆ ಹೊರಗೆ ಹೋಗಿತ್ತು, ಭೂಪಟದಲ್ಲಿ ಸಮುದ್ರದ ದಡ ಇರುವ ಹಾಗೆ. ಅದು ಹೋದಲ್ಲೆಲ್ಲ ಮಾರ್ಕರ್ ಹೋಯಿತು. ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ, ಅಂಚನ್ನು ಇನ್ನೊಮ್ಮೆ ನೋಡಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದಳು.

ಅಡಿಯ ಪ್ಲಾಸ್ಟಿಕ್ ಬಿಸಾಡಿದಳು. ಶೀಟನ್ನು ಚೌಕದ ಪುಸ್ತಕದ ಮೇಲಿಟ್ಟಳು. ಎಣಿಸತೊಡಗಿದಳು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಚಿಕ್ಕಮ್ಮ ಪುಸ್ತಕದ ಒಂದು ಮೂಲೆಗೆ ಬೆರಳಿಟ್ಟಿದ್ದಳು.

ಅರವತ್ತಮೂರು ಆದ ಮೇಲೆ ಒಂದು ಚೌಕ ಉಳಿಯಿತು. ಅರ್ಧವೋ, ಅರ್ಧಕ್ಕಿಂತ ಒಂದು ಎಳೆ ಕಡಿಮೆಯೋ ಎಂಬಂತಿತ್ತು. ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಸಂಚಿತಾ ಟಾರ್ಚಿನ ಬೆಳಕನ್ನು ಹತ್ತಿರ ಎಳೆದುಕೊಂಡು, ಮೂಗು ಪುಸ್ತಕಕ್ಕೆ ತಾಗುವಷ್ಟು ಬಗ್ಗಿ ನೋಡಿದಳು.

“ಎಷ್ಟು, ಬಾಲೆ?” ಎಂದು ಅಜ್ಜ ಕೇಳಿದರು.

“ಅರವತ್ತನಾಲ್ಕು.”

ಅಜ್ಜ ಶಾಭಾಸ್ ಎನ್ನಲಿಲ್ಲ. ಕೈ ಚಾಚಿ, ಗಾಳಿಯಲ್ಲಿ ಸ್ವಲ್ಪ ತಡಕಾಡಿ, ಅವಳ ತಲೆ ಸಿಕ್ಕಿದ ಮೇಲೆ ಅಲ್ಲಿಯೇ ಇಟ್ಟರು.

ಸಂಚಿತಾ ಐದನೆಯ ಶೀಟಿನ ಮೂಲೆಯಲ್ಲಿ ತಾರೀಕು ಬರೆದಳು. ಅದರ ಕೆಳಗೆ ಅರವತ್ತನಾಲ್ಕು ಎಂದು ಬರೆದಳು. ಆಮೇಲೆ ಶಾಯಿ ಒಣಗುವವರೆಗೆ ಮೆಲ್ಲಗೆ ಊದುತ್ತಾ ಕೂತಳು.